ಹೆಸರಿಡೋ ಹೆಂಗಸು

ನಮ್ಮವ್ವ ಮಂದಿಗೆ ಹೆಸರಿಡತಾಳ ಅಂತ ನಮ್ಮ ಚಾಳಿನಾಗ ಹೆಸರಾಗಿತ್ತು. ಹೆಸರಿಡೂದು ಅಂದ್ರ ನಮ್ಮ ಕಡೆ ತೊಟ್ಟಿಲದಾಗಿನ ಕೂಸಿಗೆ ಇಡೂದಷ್ಟ ಅಲ್ಲ, ಒಬ್ಬರ ಹುಳುಕು ಎತ್ತಿ ಆಡೂದಕ್ಕೂ ಅದ ಮಾತು. ಸೊಸಿ ಮಾಡಿದ ಸಾರಿಗೆ ಅತ್ತಿ ಹೆಸರಿಡತಾಳ, ಕೊಟ್ಟ ಸೀರಿಗೆ ಬೀಗರು ಹೆಸರಿಡತಾರ. ಅವ್ವಗ ಆ ಮಾತು ಅಂಟಿದ್ದು ಒಬ್ಬ ಮನಷ್ಯಾನ ಸಂಬಂಧ, ಅದೂ ಭಾಳ ಚಲೋ ಮನಷ್ಯಾನ ಸಂಬಂಧ. ಇದನ್ನ ಬರಿಬೇಕಂತ ಎಷ್ಟೋ ಸಲ ಕುಂತೇನಿ, ಸಿಟ್ಟು ಬಂದು ಅರ್ಧಕ್ಕ ಎದ್ದು ಹೋಗೇನಿ. ನನಗ ಮೊದಲಿಂದ ಮೂಗಿನ ತುದಿ ಮ್ಯಾಲ ಸಿಟ್ಟು.

ಗೋವಾದ ಕುಡಚಡೆಯೊಳಗ, ಸ್ಟೇಷನ್ನಿನಿಂದ ಸ್ವಲ್ಪ ಆಚಿ ಕಡೆ, ತಗಡಿನ ಚಾಳಿನಾಗ ನಾವಿದ್ವಿ. ಇದ್ದವರೆಲ್ಲಾ ನಮ್ಮ ಕಡೆ ಮಂದಿ, ವಿಜಾಪುರ, ಬಾಗಲಕೋಟಿ, ಗದಗ. ಗಂಡಸರು ಅದಿರಿನ ಲಾರಿ ಮ್ಯಾಲ ಇಲ್ಲಾ ಲೋಡಿಂಗಿಗೆ, ಹೆಂಗಸರು ಕುಂಕಳ್ಳಿಯ ಮೀನಿನ ಫ್ಯಾಕ್ಟರಿಗೆ. ಅವು ಅದಿರಿನ ಧಂದೆ ಜೋರಿದ್ದ ವರ್ಷಗಳು. ಹಗಲೂ ರಾತ್ರಿ ಟಿಪ್ಪರ್ ಓಡತಿದ್ವು, ಒಣಾಕ ಹಾಕಿದ ಬಿಳಿ ಅರಿವಿ ಸಂಜಿಗೆ ಕಾವಿ ಬಣ್ಣ ಆಗಿರತಿತ್ತು.

ಗೋವಾದ ಮಂದಿ ನಮಗ 'ಘಾಟಿ' ಅಂತಿದ್ರು. ಘಟ್ಟದ ಮ್ಯಾಲಿಂದ ಬಂದವರು ಅಂತ ಅದರ ಅರ್ಥ, ಆದ್ರ ಅವರು ಅನ್ನೂ ಧಾಟಿಯೊಳಗ ಹೊಲಸು, ಕಳ್ಳತನ, ಕುಡಿತ ಎಲ್ಲಾ ಕೂಡಿರತಿತ್ತು. ಬಾವಿ ಕಟ್ಟಿ ಮ್ಯಾಲಿನ ಕೊಡ ಕಳುವಾದ್ರ ಘಾಟಿ, ಬಸ್ಸಿನಾಗ ಯಾರರ ಉಗುಳಿದ್ರ ಘಾಟಿ. ನಾ ಬಜಾರದಾಗ ಒಂದು ಅರಿವಿ ಅಂಗಡಿಯೊಳಗ ಸೀರಿ ಮಡಚೂ ಕೆಲಸಕ್ಕಿದ್ದೆ. ನನಗ ಕೊಂಕಣಿ ತಿಳಿತೈತಿ ಅನ್ನೂದು ಗೊತ್ತಿಲ್ದ ಗಿರಾಕಿಗಳು ನನ್ನ ಮುಂದನ ಆ ಮಾತು ಆಡತಿದ್ರು. ಮೈ ಉರೀತಿತ್ತು. ಬಾಯಿ ತೆರದ್ರ ಕೆಲಸ ಹೋಗತಿತ್ತು, ಅದಕ್ಕ ಸೀರಿನ ಜೋರ ಜೋರ ಝಾಡಿಸಿ ಮಡಚತಿದ್ದೆ.

ಹಿಂಗಾಗಿ ಚಾಳಿನಾಗ ಒಂದು ಕಟ್ಟಳಿ ಬೆಳದಿತ್ತು, ಯಾರೂ ಕುಂತು ಮಾಡಿದ್ದಲ್ಲ. ಹೊರಗಿನವರು ಹೆಸರಿಡೂದ ಸಾಕಾಗೇತಿ, ನಮ್ಮೊಳಗ ನಾವು ಹೆಸರಿಡಬಾರದು. ಒಬ್ಬಾಂವ ಹೆಂಡತಿಗೆ ಹೊಡದ್ರ 'ಅದು ಅವರ ಮನಿ ವಿಚಾರ'. ಒಬ್ಬಾಕಿ ನೀರಿನ ಪಾಳಿ ಮುರದ್ರ 'ಇರಲಿ ಬಿಡವಾ, ನಮ್ಮಾಕಿ'. ಕೇಳಾಕ ಚಂದ ಐತಿ. ಆಗ ನನಗೂ ಚಂದನ ಕಾಣತಿತ್ತು.

ಆ ನಮ್ಮವರೊಳಗ ದೊಡ್ಡವರು ಅಂದ್ರ ಚಾಚಾ. ಸಿಂದಗಿ ಕಡೆಯ ಮುಸಲ್ಮಾನರು, ಅರವತ್ತರ ಹತ್ತಿರ ಬಂದಿದ್ರು. ಹೆಂಡತಿ ತೀರಿಕೊಂಡಿದ್ರು, ಮಕ್ಕಳು ಊರಾಗ. ಸ್ವಂತ ಟೆಂಪೊ ಇತ್ತು. ದಿನಾ ನಸುಕಿನ್ಯಾಗ ಚಾಳಿನ ಹೆಂಗಸರನ್ನ ಕುಂಕಳ್ಳಿಗೆ ಬಿಟ್ಟು, ಸಂಜಿಗೆ ಕರಕೊಂಡು ಬರತಿದ್ರು. ಅಪ್ಪ ಲೋಡಿಂಗಿನಾಗ ಬಿದ್ದು ಸತ್ತಾಗ ಹೆಣ ಊರಿಗೆ ಒಯ್ದದ್ದು ಅದ ಟೆಂಪೊದಾಗ. ಘಟ್ಟ ಏರಿ ಇಳಿಯೂತನಕ ಚಾಚಾ ಒಂದು ಗುಟುಕು ನೀರು ಸೈತ ಕುಡಿಲಿಲ್ಲ ಅಂತ ಅವ್ವ ಹೇಳತಿದ್ಲು. ಆಮ್ಯಾಲ ನಮ್ಮ ಅಕ್ಕನ್ನ ಫ್ಯಾಕ್ಟರಿಯೊಳಗ ಕೆಲಸಕ್ಕ ಹಚ್ಚಿದವರೂ ಅವರ. ಅವ್ವ ಅವರಿಗೆ ಅಣ್ಣಾರ ಅಂತಿದ್ಲು. ಪಂಚಮಿಗೆ ನಮ್ಮ ಮನಿಯಿಂದ ಉಂಡಿ ಹೋಗತಿದ್ವು, ರಮಜಾನಕ್ಕ ಅವರ ಖೋಲಿಯಿಂದ ಸುರಕುಂಬಾದ ಪಾಯಸ ಬರತಿತ್ತು.

ಅವ್ವ ಮನ್ಯಾಗ ಜ್ವಾಳದ ರೊಟ್ಟಿ ಬಡದು ಡ್ರೈವರ್ ಮಂದಿಗೆ ಊಟಕ್ಕ ಹಾಕತಿದ್ಲು. ಚಾಚಾನೂ ದಿನಾ ಮಧ್ಯಾಹ್ನ ನಮ್ಮ ಬಾಗಿಲ ಮುಂದಿನ ಕಟ್ಟಿ ಮ್ಯಾಲ ಕುಂತು ಉಣತಿದ್ರು. ಎದುರಿಗೆ ಕುಂತು ಬಡಸಾಕಿಗೆ ಉಣ್ಣಾಂವನ ಕೈ ಚಲೋ ಕಾಣತೈತಿ. ಮೊದಲ ಗುರ್ತು ಹಿಡದದ್ದು ಅವ್ವ.

ತಾಟಿನಾಗ ಕೆಂಪು ಚಟ್ನಿ ಎಲ್ಲೈತಿ, ಶೇಂಗಾ ಚಟ್ನಿ ಎಲ್ಲೈತಿ ಅಂತ ಅವರು ಬೆರಳಿಲೆ ಮುಟ್ಟಿ ನೋಡಾಕತ್ತಿದ್ರು. ನಾ ನೀರಿನ ತಂಬಿಗಿ ಹಿಡಕೊಂಡು ಎದುರಿಗೆ ನಿಂತ್ರ ಸುಮ್ಮ ಇರತಿದ್ರು, 'ಚಾಚಾ' ಅಂದ ಮ್ಯಾಲ 'ಓಹೋ, ಸಣ್ಣಾಕಿ ಏನ!' ಅಂತಿದ್ರು. ಒಂದಿನ ಕಟ್ಟಿ ಕೆಳಗ ಹಗಲ ಬೆಳಕಿನ್ಯಾಗ ಮಲಗಿದ್ದ ನಾಯಿ ತುಳದು ಬೀಳೂದು ಉಳೀತು. ನಾಯಿಗೆ ಬೈದು ನಗಿಚ್ಯಾಟಿಗಿ ಮಾಡಿಬಿಟ್ರು. ನಾನೂ ನಕ್ಕೆ.

ಅವತ್ತ ಸಂಜಿಗೆ ಅವ್ವ ಅಕ್ಕನ್ನ ಕೇಳಿದ್ಲು, "ಚಾಚಾ ಈಗೀಗ ಗಾಡಿ ಹೆಂಗ ಹೊಡಿತಾರ?"

"ದಿನದ ಹಾದಿ ಐತಲ್ಲವಾ. ಕಣ್ಣು ಮುಚ್ಚಿದ್ರೂ ಹೊಡಿತಾರ" ಅಂತ ಅಕ್ಕ ನಕ್ಕಳು.

ಅವ್ವ ನಗಲಿಲ್ಲ. ಮರುದಿನ ನಳದ ಕಡೆ ಹೋದಾಕಿ ಹೆಂಗಸರ ಮುಂದ ಬಿಚ್ಚಿ ಹೇಳಿದ್ಲು. "ಚಾಚಾನ ಕಣ್ಣು ಹೋಗಾಕತ್ತಾವ. ನಾ ಅವರಿಗೇನೂ ಅನ್ನಾಕತ್ತಿಲ್ಲ, ದೇವರಂಥಾ ಮನಷ್ಯಾ. ಆದ್ರ ಆ ಗಾಡಿ ಹತ್ತಬ್ಯಾಡ್ರಿ. ತಡಾ ಆದ್ರ ಆಗವಲ್ತ್ಯಾಕ, ಬಸ್ಸಿಗೆ ಹೋಗ್ರಿ."

ನಾನೂ ಅಲ್ಲೆ ಕೊಡ ಹಿಡಕೊಂಡು ನಿಂತಿದ್ದೆ. ನೀರು ತುಂಬಿ ಚೆಲ್ಲಾಕತ್ತಿದ್ರೂ ಯಾರೂ ಕೊಡ ಎತ್ತಲಿಲ್ಲ. ಆಮ್ಯಾಲ ನಮ್ಮ ಬಾಜು ಖೋಲಿಯಾಕಿ, ಫ್ಯಾಕ್ಟರಿಯೊಳಗ ಅಕ್ಕನ ಜೋಡಿನ ಕೆಲಸ ಮಾಡಾಕಿ, ಸೊಂಟಕ್ಕ ಕೈ ಇಟ್ಟು ನಿಂತಳು.

"ಉಂಡ ಮನಿ ಜಂತಿ ಎಣಸೂದು ಅಂದ್ರ ಇದ ನೋಡ್ರಿ. ನಿನ್ನ ಗಂಡನ ಹೆಣ ಹೊತ್ತ ಗಾಡಿ ಅದು. ಚಾಚಾ ಕುಡಿಯೂದಿಲ್ಲ, ಬೀಡಿ ಸೇದೂದಿಲ್ಲ, ಐದೂ ಹೊತ್ತು ನಮಾಜ ಮಾಡತಾರ. ಅಂಥಾವರಿಗೆ ಹೆಸರಿಡತೀಯಲ್ಲ, ಬಾಯಾಗ ಹುಳ ಬೀಳತಾವ."

"ಕುಡಿಯೂದಿಲ್ಲ ಅಂದ್ರ ಕಣ್ಣು ಕಾಣತಾವ ಅಂತ ಅರ್ಥೇನವಾ?" ಅಂದ್ಲು ಅವ್ವ. "ಅಕ್ಕಿಯೊಳಗಿನ ಹಳ್ಳು ಆರಿಸಿದ್ರ ಅಕ್ಕಿಗೆ ಬೈದಂಗ ಆಗತೈತೇನು?"

ಯಾರೂ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ. ಅವ್ವ ಹೇಳಿದ್ದು ಇಷ್ಟ, ಮನಷ್ಯಾ ಚಲೋ, ಕಣ್ಣು ಚಲೋ ಇಲ್ಲ. ಇದು ಅಷ್ಟು ಮಂದ್ಯಾಗ ಒಬ್ಬರ ತೆಲಿಗೂ ಹೋಗಲಿಲ್ಲ. ಅವರ ಕಡೆ ಇದ್ದದ್ದು ಎರಡ ಪುಟ್ಟಿ, ಒಂದರಾಗ ಚಲೋರು, ಇನ್ನೊಂದರಾಗ ಕೆಟ್ಟವರು. ಚಾಚಾ ಚಲೋರ ಪುಟ್ಟಿಯೊಳಗ ಇದ್ರು, ಅದಕ್ಕ ಅವರ ಕಣ್ಣೂ ಚಲೋ, ಗಾಡಿನೂ ಚಲೋ, ಬ್ರೇಕೂ ಚಲೋ. ಗೋವಾದವರು ನಮ್ಮನ್ನೆಲ್ಲಾ ಒಂದ ಪುಟ್ಟಿಗೆ ತುಂಬಿ ಘಾಟಿ ಅಂದಾಗ ಹೊಟ್ಟಿ ಉರಕೊಂಡ ಮಂದಿ ಇವರ. ತಾವೂ ಅದ ಪುಟ್ಟಿ ಹೊತ್ತುಕೊಂಡು ತಿರಗತಿದ್ರು.

ಅವತ್ತಿನಿಂದ ಅವ್ವ 'ಹೆಸರಿಡೋ ಹೆಂಗಸು' ಆದ್ಲು. ನಮ್ಮ ಮನಿಗೆ ಹೆಪ್ಪು ಕೇಳಾಕ ಬರೂದು ನಿಂತಿತು. ಭಾಟಕಾರನ, ಅಂದ್ರ ಚಾಳಿನ ಮಾಲಕನ ಹೆಂಡತಿ ಮುಂದನೂ ಅವ್ವ ಹೇಳಿ ನೋಡಿದ್ಲು. ಆಕಿ ಗೋವಾದಾಕಿ. 'ನಿಮ್ಮ ನಿಮ್ಮ ಜಗಳ ನನಗ್ಯಾಕ' ಅಂತ ಬಾಗಿಲ ಹಾಕ್ಕೊಂಡ್ಲು.

ಅಕ್ಕ ನಡುವ ಸಿಕ್ಕೊಂಡ್ಲು. ಒಂದಿಷ್ಟು ದಿನ ಅವ್ವನ ಮಾತು ಕೇಳಿ ಬಸ್ಸಿಗೆ ಹೋದ್ಲು. ನಡುವ ಇಳದು ಇನ್ನೊಂದು ಬಸ್ ಹಿಡಿಬೇಕಿತ್ತು, ಪಾಳಿ ಚಾಲೂ ಆಗೂ ಹೊತ್ತಿಗೆ ಮುಟ್ಟತಿರಲಿಲ್ಲ. ಸುಪರವೈಜರ್ ಗೇಟಿನ ಹೊರಗ ನಿಲ್ಲಿಸಿ, ಇನ್ನೊಂದು ಸಲ ತಡಾ ಆದ್ರ ಬರೂದ ಬ್ಯಾಡ ಅಂದ. ಅದಕ್ಕೂ ಹೆಚ್ಚಿಂದು ಅಂದ್ರ ಅಕ್ಕಗ ಮಂದಿ ಮಾರಿ ನೋಡಾಕ ಆಗತಿರಲಿಲ್ಲ. "ಅವ್ವಾ, ನಿನ್ನ ನಾಲಿಗಿ ಸಂಬಂಧ ನಾ ತೆಲಿ ಎತ್ತಲಾರದಂಗ ಆಗೇತಿ. ಚಾಚಾ ಎದುರಿಗೆ ಬಂದು 'ಯಾಕ ಮಗಳ, ನನ್ನ ಗಾಡಿ ಬ್ಯಾಡಾತೇನ' ಅಂತ ಕೇಳಿದ್ರು. ಏನ ಹೇಳ್ಲಿ ನಾನು?" ಅಂತ ಅತ್ತಳು.

"ಏನ ಹೇಳಿದಿ?" ಅಂದ್ಲು ಅವ್ವ.

"ಅಂಗಡಿತನಕ ತಂಗಿ ಜೋಡಿ ಹೋಗತೇನಿ ಅಂತ ಸುಳ್ಳ ಹೇಳಿದೆ."

ಅವ್ವ ಭಾಳ ಹೊತ್ತು ಹಿಟ್ಟು ನಾದಿದ್ಲು. ಕಡೀಕ ಒಪ್ಪಿದ್ಲು, ಆದ್ರ ಒಂದು ಕರಾರ ಹಾಕಿದ್ಲು. "ಹೋಗು. ಮುಂದಿನ ಸೀಟಿನ್ಯಾಗ, ಅವರ ಬಾಜೂಕ ಕುಂದ್ರು. ಹಾದಿ ಮ್ಯಾಲ ಕಣ್ಣಿಡು. ಏನರ ಅಡ್ಡ ಬಂದ್ರ ಹೇಳು. ಹೇಳಿದಂಗ ಹೇಳಬ್ಯಾಡ, ಮಾತಾಡಿದಂಗ ಹೇಳು. ಅವರ ಮನಸಿಗೆ ಬ್ಯಾಸರ ಆಗಬಾರದು."

ಅಕ್ಕ ಮಾತು ಕಡಿಮಿ ಆಡಾಕಿ. ಈಗ ಹಾದಿ ತುಂಬ ಹರಟಿ ಶುರು ಮಾಡಿದ್ಲು. "ಚಾಚಾ, ಆ ಆಕಳಾ ನೋಡ್ರಿ, ನಟ್ಟನಡು ಹಾದ್ಯಾಗ ತನ್ನ ಅಪ್ಪನ ಆಸ್ತಿ ಅನ್ನೂಹಂಗ ನಿಂತೈತಿ." ಚಾಚಾ ಬ್ರೇಕ್ ಒತ್ತತಿದ್ರು. "ಎಡಕ್ಕ ಹೊಂಟ ಸೈಕಲ್ ಅಜ್ಜನ ಟೊಪ್ಪಿಗಿ ಎಷ್ಟು ಚಂದ ಐತಿ ನೋಡ್ರಿ ಚಾಚಾ." ಚಾಚಾ ಬಲಕ್ಕ ಹೊರಳಸತಿದ್ರು. ಸಂಜಿಗೆ ಮನಿಗೆ ಬಂದು, ಮೀನಿನ ವಾಸನಿ ಹೋಗಲಿ ಅಂತ ಕೈಗೆ ಹುಣಸಿಹಣ್ಣು ತಿಕ್ಕೋತ, ಅವತ್ತಿನ ಹರಟಿನೆಲ್ಲಾ ಅಕ್ಕ ನಮಗ ಆಡಿ ತೋರಸತಿದ್ಲು. ನಾವು ಬಿದ್ದು ಬಿದ್ದು ನಗತಿದ್ವಿ. ಅವ್ವನೂ ನಗತಿದ್ಲು.

ಒಂದಿನ ಊಟಕ್ಕ ಕುಂತಾಗ ಚಾಚಾ ತಾವ ಮಾತು ತಗದ್ರು. "ತಂಗಿ, ನಿನ್ನ ದೊಡ್ಡ ಮಗಳು ಬಾಯಿಬಡಕಿ ಆಗ್ಯಾಳ. ಹಾದಿ ತುಂಬ ವಟವಟ ಅಂತಾಳ. ಆದ್ರ ಆಕಿ ಇದ್ರ ಹಾದಿ ಸವದದ್ದ ಗೊತ್ತಾಗೂದಿಲ್ಲ."

ಅವ್ವ ತೆಲಿ ಬಗ್ಗಿಸಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಲು.

ಹಿಂದ ಕುಂತ ಹೆಂಗಸರಿಗೂ ಅಷ್ಟೊತ್ತಿಗೆ ಎಲ್ಲಾ ತಿಳದಿತ್ತು. ನಮ್ಮವ್ವಗ ಬೈದ ಬಾಜು ಖೋಲಿಯಾಕಿನ, ಯಾರರ ಮರತು ಮುಂದ ಹತ್ತಾಕ ಹೋದ್ರ 'ಅಲ್ಲೆ ಬ್ಯಾಡವಾ, ಅದು ಆಕಿ ಜಾಗಾ' ಅಂತ ಕೈ ಹಿಡದು ಜಗ್ಗತಿದ್ಲಂತ. ಯಾಕ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ರ ಅದು ಹೆಸರಿಟ್ಟಂಗ ಆಗತಿತ್ತಲ್ಲ.

ಥಂಡಿ ದಿನ. ನಸುಕಿನ್ಯಾಗ ಮಂಜು, ಅದರೊಳಗ ಕೆಂಪು ಧೂಳ. ಅದಿರು ತುಂಬಿದ ಒಂದು ಟಿಪ್ಪರ್ ಕೆಟ್ಟು ಹಾದಿ ಅಂಚಿಗೆ ನಿಂತಿತ್ತು. ಅದರ ಡ್ರೈವರ್ ರೂಢಿಯಂಗ ಹಿಂದ ಕಲ್ಲು ಜೋಡಿಸಿ, ಗಿಡದ ಟೊಂಗಿ ಮುರದು ಹಾಕಿದ್ದ. ಕಣ್ಣಿದ್ದವರಿಗೆ ಅಷ್ಟ ಸಾಕಿತ್ತು. ಟೆಂಪೊದಾಗ ಹಿಂದ ಕುಂತಿದ್ದ ಒಬ್ಬಾಕಿಯ ಡಬ್ಬಿ ಉರುಳಿ ಸಾರು ಚೆಲ್ಲಿತು. ಒರಸಾಕ ಏನರ ಕೊಡ ಅಂತ ಅಕ್ಕನ್ನ ಕರದ್ಲು. ಅಕ್ಕ ಅರಿವಿ ಕೊಡಾಕ ಹಿಂದ ತಿರುಗಿದ್ಲು. ಅಷ್ಟ.

ಗಾಡಿಯ ಎಡಕಿನ ಮಗ್ಗಲ ಟಿಪ್ಪರಿನ ಹಿಂದ ಹೊಕ್ಕಿತು. ಹಿಂದಿನವರಿಗೆ ಕೈ ಮುರೀತು, ಹಲ್ಲು ಹೋದ್ವು, ಜೀವ ಉಳೀತು. ಚಾಚಾನ ಕಾಲು ಜಜ್ಜಿತು. ಅಕ್ಕ ಮಡಗಾವಿನ ಆಸ್ಪತ್ರಿಗೆ ಒಯ್ಯೂದರೊಳಗ ಹೋಗಿದ್ಲು. ನಾ ಅಂಗಡಿ ಬಾಗಿಲ ತೆರಿಯೂದನ್ನ ಕಾಯಕೋತ ಹೊರಗ ನಿಂತಿದ್ದೆ, ಚಾಳಿನವರು ಬಂದು ಕರಕೊಂಡು ಹೋದ್ರು. ಅಕ್ಕನ ಮಾರಿ ನನಗ ನೋಡಗೊಡಲಿಲ್ಲ. ಕೈ ಅಷ್ಟ ಹೊರಗಿತ್ತು, ನಾ ಅದನ್ನ ಹಿಡಕೊಂಡು ಕುಂತೆ. ನನ್ನ ಅಕ್ಕ ಹೋಗಿ ಇಷ್ಟು ವರ್ಷ ಆದ್ವು, ಇವತ್ತಿಗೂ ಮಂಜಿನ ಮುಂಜಾನಿ ನನಗ ಆಗೂದಿಲ್ಲ.

ಮೂರು ದಿನದ ಕಾರ್ಯ ಮುಗಿಯೂದರೊಳಗ ಚಾಳಿನ ಬಾಯಿ ತಿರುಗಿತು. ಅದ ನಳ, ಅದ ಹೆಂಗಸರು. 'ಕುಡದಿದ್ದನಂತ.' 'ಊರಾಗ ಇನ್ನೊಂದು ಸಂಸಾರ ಐತಂತ, ಆ ಚಿಂತ್ಯಾಗ ಇದ್ದನಂತ.' ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ. ನಿನ್ನೆತನಕ 'ನಮ್ಮ ಚಾಚಾ' ಇದ್ದವರು ಈಗ 'ಆ ಸಾಬ' ಆದ್ರು. 'ಅವರ ಮಂದಿನ ಹಂಗ' ಅಂತ ಒಬ್ಬಾಕಿ ಅಂದ್ಲು, ಇನ್ನೊಬ್ಬಾಕಿ ಹ್ಞೂಂ ಅಂದ್ಲು. ಒಂದು ಪುಟ್ಟಿಯಿಂದ ತಗದು ಇನ್ನೊಂದು ಪುಟ್ಟಿಗೆ ಒಗದ್ರು, ಹಗೂರ ಆತು ಅವರಿಗೆ.

ಆಮ್ಯಾಲ ಎಲ್ಲಾರೂ ಕೂಡಿ ನಮ್ಮ ಮನಿಗೆ ಬಂದ್ರು. ಬಾಜು ಖೋಲಿಯಾಕಿ ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಮುಂದ ಕುಂತಿದ್ಲು. "ನೀ ಮೊದಲ ಹೇಳಿದ್ದಿ, ನಾವು ಕೇಳಲಿಲ್ಲ. ನಿನ್ನ ಬಾಯಾಗ ಖರೇ ಇತ್ತು. ಪೊಲೀಸರ ಮುಂದ ನೀನ ಹೇಳು, ಅಂವ ಎಂಥಾಂವ ಅಂತ."

ಅವ್ವ ಗ್ವಾಡಿಗೆ ಆತು ಕುಂತಿದ್ಲು. ದನಿ ಬಿದ್ದಿತ್ತು. "ನಾ ಅವರ ಕಣ್ಣಿನ ಮಾತು ಹೇಳಿದ್ದೆ. ಅವರ ಮಾತು ಹೇಳಿರಲಿಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ. ಅವರು ಕುಡದಿದ್ರು ಅಂತ ಯಾರರ ಅಂದ್ರ ಸತ್ತ ನನ್ನ ಮಗಳ ಆಣಿ ಐತಿ ನಿಮಗ."

ಅವರು ಎದ್ದು ಹೋದ್ರು. ಹೋಗೂ ಮುಂದ ಯಾರೋ ಒಬ್ಬಾಕಿ 'ಮಗಳು ಸತ್ರೂ ಸೊಕ್ಕು ಇಳಿದಿಲ್ಲ' ಅಂದದ್ದು ನನಗ ಕೇಳಿಸಿತು. ನಾ ಎದ್ದು ಆಕಿ ಕೂದಲ ಹಿಡಿತಿದ್ದೆ, ಅವ್ವ ನನ್ನ ಸೆರಗು ಜಗ್ಗಿ ಕುಂದರಿಸಿದ್ಲು. ಆದ್ರ ಒಂದು ಮಾತು ಖರೇ ಹೇಳತೇನಿ. ಚಾಚಾನ ವಿಷಯದಾಗ ನಾನೂ ಆ ಹೆಂಗಸರ ಪಾರ್ಟಿನ ಇದ್ದೆ. ಅಕ್ಕ ಮಣ್ಣಾಗ, ಅಂವ ಭೂಮಿ ಮ್ಯಾಲ. ಇದಕ್ಕಿಂತ ದೊಡ್ಡ ಅನ್ಯಾಯ ನನಗ ಕಾಣತಿರಲಿಲ್ಲ.

ಚಾಚಾ ಆಸ್ಪತ್ರಿಯಿಂದ ತಿರುಗಿ ಬಂದ್ರು. ಕೇಸ ಆಗಿತ್ತು, ಊರಿಂದ ಮಗ ಬಂದು ಕರಕೊಂಡು ಹೋಗೂತನಕ ಚಾಳಿನ ತುದಿಯ ಖೋಲಿಯೊಳಗ ಇರಬೇಕಿತ್ತು. ಒಬ್ಬರೂ ಆ ಕಡೆ ಹಾಯಲಿಲ್ಲ. ಅವ್ವ ತಾಟಿಗೆ ರೊಟ್ಟಿ, ಪಲ್ಯ ಹಾಕಿ, ಸೆರಗು ಮುಚ್ಚಿ ಹೊಂಟ್ಲು. ನಾ ಬಾಗಿಲಿಗೆ ಅಡ್ಡ ನಿಂತೆ.

"ಮಗಳನ್ನ ಕೊಂದಾಂವಗ ರೊಟ್ಟಿ ಒಯ್ಯತಿಯೇನು?"

"ಹಸದಾರ" ಅಂದ್ಲು, ನನ್ನ ಕೈ ಸರಿಸಿ ಹೋದ್ಲು.

ನಾನೂ ಹಿಂದ ಹೋದೆ. ಅವರಿಗೆ ಬೈಯಾಕ ಹೋದೆ, ಬ್ಯಾರೆ ಯಾತಕ್ಕೂ ಅಲ್ಲ. ಬಾಯಿ ತುಂಬ ಮಾತು ಕಟಗೊಂಡು ಹೋಗಿದ್ದೆ. ಉರಿ ಬಿಸಿಲು, ಅವರ ಖೋಲಿ ಬಾಗಿಲ ತೆರದಿತ್ತು. ಚಾಚಾ ಚಾಪಿ ಮ್ಯಾಲ ಕುಂತಿದ್ರು. ನಾವಿಬ್ಬರೂ ಬಾಗಿಲದಾಗ, ಬೆಳಕಿನ್ಯಾಗ ನಿಂತಿದ್ವಿ. ಅವರು "ಯಾರು?" ಅಂದ್ರು.

"ನಾನ್ರಿ ಅಣ್ಣಾರ."

ಅವ್ವ ತಾಟು ಮುಂದ ಇಟ್ಟು, ಅವರ ಕೈ ಹಿಡದು ರೊಟ್ಟಿ ಮ್ಯಾಲ ಇಟ್ಲು. ಅವರು ಕೈ ಅಲ್ಲೇ ಇಟಗೊಂಡ್ರು, ರೊಟ್ಟಿ ಮುರಿಲಿಲ್ಲ.

"ತಂಗಿ, ಆಸ್ಪತ್ರ್ಯಾಗ ಮಂದಿ ಆಡೂದು ಕೇಳಿದೆ. ನನ್ನ ಕಣ್ಣಿಂದು ನಿನಗ ಮೊದಲ ಗೊತ್ತಿತ್ತಂತ?"

"ಹೌದ್ರಿ."

"ಚಾಳಿಗೆಲ್ಲಾ ಹೇಳಿದ್ದಿಯಂತ?"

"ಹೌದ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲವಾ?"

ಅವ್ವ ಸೆರಗಿನ ತುದಿ ಹಿಂಡಾಕತ್ತಿದ್ಲು. "ನೀವು ದೊಡ್ಡವರು. ನಿಮ್ಮ ಮಾರಿ ಮುಂದ ಹೆಂಗ ಅನ್ನಲಿ? ನಿಮಗ ಬ್ಯಾಸರ ಆಗತಿತ್ರಿ."

"ನನಗೂ ಒಂದೊಂದು ಸಲ ಮಂಜ ಮಂಜ ಅನಸತಿತ್ತು" ಅಂದ್ರು ಚಾಚಾ. "ವಯಸ್ಸಿಂದು ಇರಬೇಕು ಅಂತ ಬಿಟ್ಟೆ. ಎಲ್ಲಾರೂ ದಿನಾ ಹತ್ತತಿದ್ರಲ್ಲ. ಇಷ್ಟು ಹೆಣ್ಣುಮಕ್ಕಳು ನನ್ನ ನಂಬಿ ಹತ್ತತಾರಂದ್ರ ನಾ ನೆಟ್ಟಗ ಹೊಡಿಯಾಕತ್ತೇನಿ ಅಂತ ತಿಳಕೊಂಡೆ. ನಿನ್ನ ಮಗಳು ಆಕಳ ಅಂತಿದ್ಲು, ಸೈಕಲ್ ಅಂತಿದ್ಲು. ಹುಡುಗಿ ಹರಟಿ ಹೊಡಿತಾಳ ಅಂತ ನಾ ನಗತಿದ್ದೆ." ರೊಟ್ಟಿ ಮ್ಯಾಲಿನ ಕೈ ತಗದು ಅಂದ್ರು, "ಒಂದ ಒಂದು ಮಾತು ನನಗ ಅಂದಿದ್ರ ಚಾವಿ ನಿನ್ನ ಕಟ್ಟಿ ಮ್ಯಾಲ ಇಟ್ಟು ಹೋಗತಿದ್ದೆ."

ನಾ ಕಟಗೊಂಡು ಹೋದ ಮಾತು ಒಂದೂ ಹೊರಗ ಬರಲಿಲ್ಲ. ಅವರು ಖರೇನ ಚಾವಿ ಇಡತಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಆಗಿ ಹೋದ ಮ್ಯಾಲ ಹಿಂಗಂತಿದ್ದೆ, ಹಂಗಂತಿದ್ದೆ ಅನ್ನೂದು ಸಸಾರ. ಗಾಡಿ ಬಿಟ್ರ ಅವರ ಹೊಟ್ಟಿಗೇನು ಅಂತ ನಾ ಇವತ್ತಿಗೂ ವಾದ ಹಾಕತೇನಿ. ಅವ್ವ ಮಾತ್ರ ಪೂರ್ತಿ ನಂಬಿದ್ಲು. ಅವರ ಮಾರಿ ನೋಡಿದವರು ಯಾರಾದ್ರೂ ನಂಬತಿದ್ರು.

ಮನಿಗೆ ಬಂದು ಅವ್ವ ಒಲಿ ಮುಂದ ಕುಂತ್ಲು. ಡ್ರೈವರ್ ಮಂದಿ ಊಟಕ್ಕ ಬರೂ ಹೊತ್ತಾಗಿತ್ತು, ಹಂಚು ಕಾದು ಹೊಗಿ ಬರಾಕತ್ತಿತ್ತು. ಅವ್ವ ಹಿಟ್ಟಿನ ಕಡೆ ಕೈ ಹಾಕಲಿಲ್ಲ. ಅಕ್ಕ ಹೋದ ದಿನ ಅತ್ತಾಕಿ, ಆಮ್ಯಾಲ ಅತ್ತಿರಲಿಲ್ಲ, ಈಗಲೂ ಅಳಲಿಲ್ಲ. ನನ್ನ ಕಡೆ ನೋಡದನ ಮಾತಾಡಿದ್ಲು.

"ನಳದ ಹೆಂಗಸರಿಗೆ ಹೇಳಿದೆ. ನಿಮಗ ಹೇಳಿದೆ. ಭಾಟಕಾರನ ಹೆಂಡತಿಗೂ ಹೇಳಿದೆ. ಯಾರಿಗೆ ಹೇಳಬೇಕಿತ್ತೋ ಅವರು ದಿನಾ ನನ್ನ ಮುಂದ ಕುಂತು ಉಂಡು ಹೋದ್ರು. ಅವರಿಗೆ ಆ ಒಂದು ಮಾತು ಆಡಬೇಕಾದ ಜಾಗಾದಾಗ ನನ್ನ ಮಗಳನ್ನ ಕುಂದರಿಸಿದೆ."